ಬೀಗದ ಕೈ ಯಾರ ಬಳಿಯೋ ಹೊಣೆಯೂ ಅವರದೇ

ಬ್ಯಾಂಕಿನಲ್ಲಿಟ್ಟ ಹಣ ಖಾತೆದಾರನಿಗೆ ಗೊತ್ತಿಲ್ಲದೆ ಮಾಯವಾದರೆ ಆ ನಷ್ಟ ಯಾರದು? ಪ್ರಶ್ನೆ ಸರಳವಾದುದು. ಆದರೆ ಉತ್ತರ ಹುಡುಕಿ ಹೊರಟ ಬಡವನ ಚಪ್ಪಲಿ ಸವೆಯುವುದೇ ಹೊರತು ಉತ್ತರ ಸಿಕ್ಕುವುದಿಲ್ಲ. ಶಾಖೆಯವರು ಮುಖ್ಯ ಕಚೇರಿಯತ್ತ ಕೈ ತೋರುತ್ತಾರೆ. ಮುಖ್ಯ ಕಚೇರಿಯವರು ಯಂತ್ರ ನಡೆಸುವ ಕಂಪನಿಯತ್ತ ತೋರುತ್ತಾರೆ. ಕಂಪನಿಯವರು ಎಲ್ಲಿಯೋ ಪರದೇಶದಲ್ಲಿ ಕುಳಿತ ಕಳ್ಳನತ್ತ ತೋರುತ್ತಾರೆ. ಕಟ್ಟಕಡೆಗೆ ಎಲ್ಲರೂ ಒಟ್ಟಾಗಿ, "ನೀವೇ ಯಾರಿಗೋ ಪಿನ್ ಹೇಳಿರಬೇಕು" ಎಂದು ಕಾರ್ಡು ಹಿಡಿದವನ ತಲೆಗೇ ಕಟ್ಟುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ನ್ಯಾಯವನ್ನು ಒಪ್ಪಲು ನಾವು ಸಿದ್ಧರಿಲ್ಲ.

ಮೊದಲು ಒಂದು ಮಾತನ್ನು ನೆನಪಿಡಬೇಕು. ಗಿರಣಿಯ ಕಾರ್ಮಿಕ ಈ ಕಾರ್ಡನ್ನು ಬಯಸಿ ಪಡೆದವನಲ್ಲ. ಹಿಂದೆ ಬಟವಾಡೆಯ ದಿನ ಸಾಲಿನಲ್ಲಿ ನಿಂತು, ನೋಟೆಣಿಸಿ, ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿ ಮನೆಗೆ ಹೋಗುತ್ತಿದ್ದ. ಸಂಬಳವನ್ನು ಬ್ಯಾಂಕಿಗೆ ಹಾಕಬೇಕಾದರೆ ಆತನಿಂದ ಬರಹದ ಒಪ್ಪಿಗೆ ಪಡೆಯಬೇಕೆಂದು ಸಂಬಳ ಪಾವತಿ ಕಾಯಿದೆ ಹೇಳುತ್ತಿತ್ತು. 2017ರಲ್ಲಿ ಆ ಕಾಯಿದೆಗೆ ತಿದ್ದುಪಡಿ ಬಂದು ಆ ಒಪ್ಪಿಗೆಯ ಅಗತ್ಯವೇ ತಪ್ಪಿತು. ಹಣ ಖಾತೆಗೆ ಬಿತ್ತು, ಖಾತೆಯೊಡನೆ ಕಾರ್ಡು ಬಂತು, ಕಾರ್ಡಿನೊಡನೆ ಅದರ ಅಪಾಯವೂ ಬಂತು. ಪೇಟೆಯ ಸಣ್ಣ ವರ್ತಕನ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಗಿರಾಕಿ ಕಾರ್ಡು ನೀಡಿದಾಗ ಸ್ವೈಪ್ ಯಂತ್ರವಿಲ್ಲವೆಂದರೆ ಆತ ಪಕ್ಕದ ಅಂಗಡಿಗೆ ಹೋಗುತ್ತಾನೆ. ಹೀಗೆ ಇಬ್ಬರೂ ಬೇರೆ ದಾರಿಯಿಲ್ಲದೆ ಈ ವ್ಯವಸ್ಥೆಯೊಳಗೆ ಬಂದವರು. ಇದನ್ನು ಕಟ್ಟುವಾಗ ಇವರನ್ನು ಯಾರೂ ಕೇಳಲಿಲ್ಲ. ಇದರ ಬೀಗ ಎಂಥದಿರಬೇಕೆಂದು ನಿಶ್ಚಯಿಸುವ ಅಧಿಕಾರವೂ ಇವರಿಗಿಲ್ಲ.

ಇನ್ನು ಕಾರ್ಡಿನ ಹಾದಿಯನ್ನು ನೋಡೋಣ. ಎಟಿಎಂನಲ್ಲಿ ಕಾರ್ಡು ತೂರಿಸಿ ಪಿನ್ ಒತ್ತಿದಾಗ ಆ ವಿವರ ನೇರವಾಗಿ ನಮ್ಮ ಬ್ಯಾಂಕಿಗೆ ಹೋಗುವುದಿಲ್ಲ. ಯಂತ್ರ ಒಂದು ಬ್ಯಾಂಕಿನದು, ಅದನ್ನು ನಡೆಸುವ ಗುತ್ತಿಗೆ ಒಂದು ಕಂಪನಿಯದು. ಯಾವ ಕಾರ್ಡು ಯಾವ ಬ್ಯಾಂಕಿನದೆಂದು ನೋಡಿ, "ಹಣ ಕೊಡಬಹುದೆ?" ಎಂದು ಕೇಳಿ, ಅಪ್ಪಣೆ ತರುವುದು ಸ್ವಿಚ್ಚು ಎಂಬ ಇನ್ನೊಂದು ಗಣಕವ್ಯವಸ್ಥೆ. ನಡುವೆ ವೀಸಾ, ಮಾಸ್ಟರ್‌ಕಾರ್ಡ್, ರುಪೇ ಮುಂತಾದ ಜಾಲಗಳಿವೆ. ಅಂಗಡಿಯ ಸ್ವೈಪ್ ಯಂತ್ರದಿಂದ ಹೊರಟ ವಿವರವೂ ಇಂಥದೇ ಕೈಗಳನ್ನು ದಾಟಿ ಹೋಗಬೇಕು. ಈ ಕೈಗಳಲ್ಲಿ ಯಾವುದೂ ಧರ್ಮಕ್ಕೆ ದುಡಿಯುತ್ತಿಲ್ಲ. ಒಬ್ಬರು ವರ್ಷದ ಶುಲ್ಕ ಮುರಿದುಕೊಳ್ಳುತ್ತಾರೆ, ಒಬ್ಬರು ಯಂತ್ರಕ್ಕೆ ಬಾಡಿಗೆ ಕೇಳುತ್ತಾರೆ, ಒಬ್ಬರು ವ್ಯವಹಾರಕ್ಕಿಷ್ಟೆಂದು ಪಾಲು ತೆಗೆಯುತ್ತಾರೆ. ಲಾಭ ಹಂಚಿಕೊಳ್ಳುವಾಗ ಎಲ್ಲರೂ ಪಾಲುದಾರರು. ಕಳವಾದ ದಿನ ಮಾತ್ರ ಒಬ್ಬರ ಗುರುತು ಇನ್ನೊಬ್ಬರಿಗಿಲ್ಲ.

2016ರಲ್ಲಿ ನಮ್ಮ ದೇಶದಲ್ಲಿ ನಡೆದದ್ದು ಇದೇ. ಆ ವರ್ಷದ ಅಕ್ಟೋಬರ್ ಮೂರನೆಯ ವಾರದಲ್ಲಿ ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ವಿವರ ಕಳ್ಳರ ಕೈಸೇರಿರಬಹುದೆಂಬ ಸುದ್ದಿ ಹೊರಬಿದ್ದಿತು. ಸ್ಟೇಟ್ ಬ್ಯಾಂಕ್ ಒಂದೇ ಸುಮಾರು 6 ಲಕ್ಷ ಕಾರ್ಡುಗಳನ್ನು ತಡೆಹಿಡಿಯಿತು. 19 ಬ್ಯಾಂಕುಗಳ 641 ಮಂದಿ ಖಾತೆದಾರರಿಂದ ಒಟ್ಟು 1 ಕೋಟಿ 30 ಲಕ್ಷ ರೂಪಾಯಿ ಹೋಗಿದೆಯೆಂದು ರಾಷ್ಟ್ರೀಯ ಪಾವತಿ ನಿಗಮ ಲೆಕ್ಕ ಕೊಟ್ಟಿತು. ತಲೆಗೆ ಸುಮಾರು 20 ಸಾವಿರ ರೂಪಾಯಿ ಬಿತ್ತು. ಬಹುಪಾಲು ಮೋಸ ನಡೆದದ್ದು ಚೀನಾದಲ್ಲಿ ಮತ್ತು ಅಮೆರಿಕದಲ್ಲಿ. ಹುಬ್ಬಳ್ಳಿಯಲ್ಲೋ ನಾಗಪುರದಲ್ಲೋ ಮಲಗಿದ್ದವನ ಹಣವನ್ನು ಅವನ ಜೇಬಿನಲ್ಲಿದ್ದ ಕಾರ್ಡನ್ನು ಮುಟ್ಟದೆಯೇ ಸಮುದ್ರದಾಚೆ ತೆಗೆಯಬಹುದೆಂದು ಜನ ಅಂದು ಕಂಡರು.

ತೂತು ಬಿದ್ದದ್ದಾದರೂ ಎಲ್ಲಿ? ಬ್ಯಾಂಕುಗಳ ಎಟಿಎಂ ಸೇವೆಯನ್ನು ಗುತ್ತಿಗೆ ಹಿಡಿದಿದ್ದ ಹಿಟಾಚಿ ಪೇಮೆಂಟ್ ಸರ್ವಿಸಸ್ ಎಂಬ ಕಂಪನಿಯ ವ್ಯವಸ್ಥೆಯಲ್ಲಿ. ತನ್ನಲ್ಲಿ ಯಾವ ಲೋಪವೂ ಕಂಡುಬಂದಿಲ್ಲವೆಂದು ಅದು ಮೊದಲಿಗೆ ಹೇಳಿಕೊಂಡಿತು. ಬೆಂಗಳೂರಿನ ಸಿಸಾ ಸಂಸ್ಥೆ ತನಿಖೆ ಮುಗಿಸಿದ ಮೇಲೆ, 2017ರ ಫೆಬ್ರವರಿಯಲ್ಲಿ, 2016ರ ಮಧ್ಯಭಾಗದಲ್ಲಿ ತನ್ನ ಗಣಕಗಳೊಳಗೆ ಕಳ್ಳ ತಂತ್ರಾಂಶ ನುಸುಳಿದ್ದು ನಿಜವೆಂದು ಒಪ್ಪಿಕೊಂಡಿತು. ಎಷ್ಟು ಮಾಹಿತಿ ಹೋಗಿದೆಯೆಂದು ನಿಖರವಾಗಿ ಹೇಳಲು ತನಿಖೆಯವರಿಗೂ ಆಗಲಿಲ್ಲ. ಆ ತಂತ್ರಾಂಶ ತನ್ನ ಹೆಜ್ಜೆಗುರುತನ್ನು ತಾನೇ ಅಳಿಸಿಹಾಕಿತ್ತು. ಖಾತೆದಾರರು ಈ ಕಂಪನಿಯನ್ನು ಆರಿಸಿದವರಲ್ಲ, ಅದರ ಹೆಸರನ್ನು ಕೇಳಿದವರೂ ಅವರಲ್ಲಿ ವಿರಳ. ಹಾಗಿರುವಾಗ "ಜಾಗರೂಕರಾಗಿರಿ" ಎಂದು ಅವರಿಗೆ ಉಪದೇಶಿಸುವುದರಲ್ಲಿ ಏನರ್ಥ? ಗೋಡೆಗೆ ಕನ್ನ ಬಿದ್ದದ್ದು ಬ್ಯಾಂಕಿನ ಹಿತ್ತಲಿನಲ್ಲಿ.

ದಿನಗಳ ಲೆಕ್ಕವನ್ನೂ ನೋಡಬೇಕು. ಈ ಶಂಕೆ ತನ್ನ ಗಮನಕ್ಕೆ ಬಂದದ್ದು 2016ರ ಸೆಪ್ಟೆಂಬರ್ 8ರಂದು ಎಂದು ರಿಸರ್ವ್ ಬ್ಯಾಂಕೇ ಆಮೇಲೆ ತಿಳಿಸಿತು. ದೇಶದ ಜನರಿಗೆ ತಿಳಿದದ್ದು ಸುಮಾರು ಆರು ವಾರಗಳ ತರುವಾಯ. ಆ ಆರು ವಾರಗಳಲ್ಲಿ ದಸರೆ ಕಳೆಯಿತು, ಜನ ಅದೇ ಕಾರ್ಡು ಹಿಡಿದು ಹಬ್ಬದ ಸಂತೆ ಮಾಡಿದರು. ಸುದ್ದಿ ಹೊರಬಿದ್ದು ಮೂರು ವಾರವೂ ಆಗಿರಲಿಲ್ಲ, ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳನ್ನು ರದ್ದುಮಾಡಿದರು. ನಗದಿನ ಗೊಡವೆ ಬಿಟ್ಟು ಕಾರ್ಡಿನಲ್ಲಿ ವ್ಯವಹರಿಸಿರೆಂಬ ಉಪದೇಶ ಊರೂರಿನಲ್ಲಿ ಮೊಳಗಿತು. ಸೋರುವ ದೋಣಿಗೆ ಜನರನ್ನು ಹತ್ತಿಸುವ ಮೊದಲು ತೂತು ಮುಚ್ಚಿದೆಯೇ ಎಂದು ನೋಡುವ ವ್ಯವಧಾನ ಅಂದಿನ ಆಡಳಿತಕ್ಕೆ ಇರಲಿಲ್ಲ.

ಈ ಪ್ರಕರಣವಾಗಿ ಒಂಬತ್ತು ತಿಂಗಳ ನಂತರ, 2017ರ ಜುಲೈ 6ರಂದು, ರಿಸರ್ವ್ ಬ್ಯಾಂಕು ಗ್ರಾಹಕನ ಹೊಣೆಯನ್ನು ಗೊತ್ತುಪಡಿಸಿ ಸುತ್ತೋಲೆ ಹೊರಡಿಸಿತು. ಅದರ ಒಳ್ಳೆಯ ಅಂಶಗಳನ್ನು ನಾವು ಮುಚ್ಚಿಡುವುದಿಲ್ಲ. ತಪ್ಪು ಬ್ಯಾಂಕಿನದಾಗಿದ್ದರೆ ಗ್ರಾಹಕನ ಹೊಣೆ ಸೊನ್ನೆ. ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದೆ ವ್ಯವಸ್ಥೆಯಲ್ಲಿ ಬೇರೆಲ್ಲೋ ಇದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವನಿಗೂ ಹೊಣೆಯಿಲ್ಲ. ನಾಲ್ಕರಿಂದ ಏಳನೆಯ ದಿನದೊಳಗಾದರೆ ಸಾಮಾನ್ಯ ಉಳಿತಾಯ ಖಾತೆಯವನ ತಲೆಗೆ 10 ಸಾವಿರ ರೂಪಾಯಿಯವರೆಗೆ, ಬಡವರ ಮೂಲ ಉಳಿತಾಯ ಖಾತೆಯವನಿಗೆ 5 ಸಾವಿರದವರೆಗೆ ನಷ್ಟ ಬೀಳಬಹುದು. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಲಿ ಮಾಡಿಕೊಂಡ ನಿಯಮವೇ ಗತಿ. ದೂರು ಬಂದ ಹತ್ತು ಕೆಲಸದ ದಿನಗಳೊಳಗೆ ಹಣವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, ತೊಂಬತ್ತು ದಿನಗಳೊಳಗೆ ದೂರನ್ನು ಇತ್ಯರ್ಥಗೊಳಿಸಬೇಕು, ಗ್ರಾಹಕನದೇ ತಪ್ಪೆಂದು ರುಜುವಾತುಪಡಿಸುವ ಭಾರ ಬ್ಯಾಂಕಿನ ಮೇಲಿರಬೇಕು ಎಂದೂ ಅದು ವಿಧಿಸಿತು.

ಈ ಕೊನೆಯ ಮಾತು ಬೆಲೆಯುಳ್ಳದ್ದು. ಆದರೆ ತಕ್ಕಡಿಯ ಎರಡು ತಟ್ಟೆಗಳನ್ನು ನೋಡಿ. ಕಳವಿನ ಸುಳಿವು ಸಿಕ್ಕ ದೊಡ್ಡವರು ಆರು ವಾರ ಬಾಯಿಬಿಡದೆ ಇರಬಹುದು. ರಾತ್ರಿ ಪಾಳಿ ಮುಗಿಸಿ ಬಂದ ಕಾರ್ಮಿಕ ಮೂರು ದಿನದೊಳಗೆ ಬಾಯಿಬಿಡದಿದ್ದರೆ ಅವನ ಹಣಕ್ಕೆ ಕತ್ತರಿ! ಅವನ ಫೋನಿಗೆ ಬರುವ ಸಂದೇಶ ಎಷ್ಟೋ ಸಲ ಇಂಗ್ಲಿಷಿನಲ್ಲಿರುತ್ತದೆ. ಸಾಲದ ಜಾಹೀರಾತು, ಲಾಟರಿಯ ಆಮಿಷಗಳ ನಡುವೆ ಅದು ಹೂತುಹೋಗಿರುತ್ತದೆ. ಓದಿಹೇಳಲು ಮಗಳು ಶಾಲೆಯಿಂದ ಬರಬೇಕು. ಗಡಿಯಾರ ಓಡಬೇಕಾದರೆ ಅದು ಇಬ್ಬರಿಗೂ ಓಡಲಿ. ಬ್ಯಾಂಕು ತಡಮಾಡಿದ ಪ್ರತಿ ದಿನವೂ ಬ್ಯಾಂಕಿನ ಲೆಕ್ಕಕ್ಕೇ ಸೇರಲಿ.

ಹೊಣೆ ಯಾರದೆಂಬುದನ್ನು ತೀರ್ಮಾನಿಸಲು ಹೊಸ ಶಾಸ್ತ್ರ ಬೇಕಾಗಿಲ್ಲ. ಗಿರಣಿಯ ಗೇಟಿನ ಬಳಿಯ ಸೈಕಲ್ ಸ್ಟ್ಯಾಂಡನ್ನೇ ನೋಡಿ. ನಾಲ್ಕು ಕಾಸು ಕೊಟ್ಟು, ಬಿಲ್ಲೆ ಪಡೆದು, ಸೈಕಲ್ಲು ಬಿಟ್ಟು ಒಳಗೆ ಹೋಗುತ್ತೇವೆ. ಪಾಳಿ ಮುಗಿಸಿ ಬಂದಾಗ ಸೈಕಲ್ಲಿಲ್ಲದಿದ್ದರೆ, "ನಾನು ಕಾಯಲು ಇಟ್ಟ ಹುಡುಗನ ತಪ್ಪು, ಅವನನ್ನು ಕೇಳಿ" ಎಂದು ಗುತ್ತಿಗೆದಾರ ಹೇಳಿದರೆ ಯಾರಾದರೂ ಸುಮ್ಮನಿರುತ್ತಾರೆಯೇ? ವಶಕ್ಕೆ ಪಡೆದ ವಸ್ತುವನ್ನು ವಿವೇಕವುಳ್ಳ ಸಾಮಾನ್ಯ ಮನುಷ್ಯ ತನ್ನ ಸ್ವಂತ ವಸ್ತುವಿನಂತೆಯೇ ಕಾಯಬೇಕೆಂದು 1872ರ ಕರಾರು ಕಾಯಿದೆಯೇ ಹೇಳಿದೆ. ಸೈಕಲ್ ಸ್ಟ್ಯಾಂಡಿನವನಿಗೆ ಒಂದು ನ್ಯಾಯ, ಕೋಟಿಗಟ್ಟಲೆ ವಹಿವಾಟಿನ ಬ್ಯಾಂಕಿಗೆ ಇನ್ನೊಂದು ನ್ಯಾಯ ಇರಲಾಗದು.

ಬ್ಯಾಂಕಿನ ವಿಷಯದಲ್ಲಂತೂ ಕಾನೂನು ಇನ್ನೂ ಸ್ಪಷ್ಟವಾಗಿದೆ, ಅದನ್ನು ಸ್ಪಷ್ಟಪಡಿಸಿದ ಮೊಕದ್ದಮೆ ನಮ್ಮ ಮಂಗಳೂರಿನದೇ. ಅಲ್ಲಿ ಕೆನರಾ ಬ್ಯಾಂಕಿನಲ್ಲಿ ಖಾತೆಯಿಟ್ಟಿದ್ದ ಕೆನರಾ ಸೇಲ್ಸ್ ಕಾರ್ಪೊರೇಷನ್ ಎಂಬ ಕಂಪನಿಯ ಹೆಸರಿನಲ್ಲಿ 42 ಚೆಕ್ಕುಗಳಿಗೆ ಕಳ್ಳ ರುಜು ಹಾಕಿ ಮೂರು ಲಕ್ಷ ಇಪ್ಪತ್ತಾರು ಸಾವಿರ ರೂಪಾಯಿಗೂ ಮೇಲ್ಪಟ್ಟು ಹಣ ತೆಗೆಯಲಾಗಿತ್ತು. ಗ್ರಾಹಕರು ಪಾಸುಪುಸ್ತಕವನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ, ವರ್ಷಗಟ್ಟಲೆ ಸುಮ್ಮನಿದ್ದರು ಎಂದು ಬ್ಯಾಂಕು ವಾದಿಸಿತು. 1987ರಲ್ಲಿ ಸುಪ್ರೀಂ ಕೋರ್ಟು ಈ ವಾದವನ್ನು ತಳ್ಳಿಹಾಕಿತು. ಕಳ್ಳ ರುಜುವಿನ ಚೆಕ್ಕು ಗ್ರಾಹಕನ ಅಪ್ಪಣೆಯೇ ಆಗದು, ಅಪ್ಪಣೆಯಿಲ್ಲದೆ ಕೊಟ್ಟ ಹಣವನ್ನು ಅವನ ಖಾತೆಗೆ ಖರ್ಚು ಹಾಕುವ ಹಕ್ಕು ಬ್ಯಾಂಕಿಗಿಲ್ಲ ಎಂಬುದು ಆ ತೀರ್ಪಿನ ತಿರುಳು. ಕದ್ದ ವಿವರದಿಂದ ಮಾಡಿದ ನಕಲಿ ಕಾರ್ಡು ಕಳ್ಳ ರುಜುವಿನ ಚೆಕ್ಕಿಗಿಂತ ಯಾವ ವಿಧದಲ್ಲಿ ಬೇರೆ? ಎರಡರಲ್ಲಿಯೂ ಮೋಸಹೋದದ್ದು ಬ್ಯಾಂಕು, ಗ್ರಾಹಕನಲ್ಲ. ಮೋಸಹೋದ ಬ್ಯಾಂಕು ತನ್ನ ನಷ್ಟವನ್ನು ಗ್ರಾಹಕನ ಪುಟದಲ್ಲಿ ಬರೆಯುವಂತಿಲ್ಲ.

ಹೀಗೆ ನಡೆದುಕೊಳ್ಳುವುದು ಅಸಾಧ್ಯವೇನೂ ಅಲ್ಲ. 2018ರ ಆಗಸ್ಟಿನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನ ವ್ಯವಸ್ಥೆಗೆ ಕನ್ನ ಹಾಕಿ, ನಕಲಿ ಕಾರ್ಡುಗಳಿಂದ 28 ದೇಶಗಳಲ್ಲಿ ಹಣ ತೆಗೆದು, ಹಾಂಗ್‌ಕಾಂಗಿಗೂ ಒಂದಷ್ಟು ಸಾಗಿಸಿ, ಕಳ್ಳರು ಒಟ್ಟು 94 ಕೋಟಿ ರೂಪಾಯಿ ದೋಚಿದರು. ಠೇವಣಿದಾರರ ಖಾತೆಗಳಿಂದ ಹಣ ಹೋಗಿಲ್ಲ, ನಷ್ಟ ಬ್ಯಾಂಕಿನದು ಎಂದು ಆ ಬ್ಯಾಂಕು ಹೇಳಿತು. ಸಹಕಾರಿ ಬ್ಯಾಂಕೊಂದು ಹೇಳಬಹುದಾದ ಮಾತನ್ನು ಅದಕ್ಕಿಂತ ಎಷ್ಟೋ ಪಾಲು ದೊಡ್ಡ ಬ್ಯಾಂಕುಗಳು ಹೇಳಲು ಏಕೆ ತಡವರಿಸಬೇಕು?

ಗುತ್ತಿಗೆದಾರನ ಮೇಲೆ ತಪ್ಪು ಹಾಕಿ ಜಾರಿಕೊಳ್ಳುವ ಚಾಳಿ ನಮ್ಮ ದೇಶಕ್ಕೆ ಸೀಮಿತವಾದುದಲ್ಲ. 2013ರ ಕೊನೆಯಲ್ಲಿ ಅಮೆರಿಕದ ಟಾರ್ಗೆಟ್ ಎಂಬ ಭಾರಿ ಅಂಗಡಿ ಸಮೂಹದಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳವಾಯಿತು. ಅಂಗಡಿಯ ಶೈತ್ಯಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಗುತ್ತಿಗೆದಾರನಿಗೆ ಕೊಟ್ಟಿದ್ದ ಗುಪ್ತಪದವನ್ನು ಕದ್ದು ಕಳ್ಳರು ಒಳಹೊಕ್ಕಿದ್ದರು. ಗ್ರಾಹಕರು ಹೂಡಿದ ದಾವೆಯಲ್ಲಿ ಕಂಪನಿ 2015ರಲ್ಲಿ ಒಪ್ಪಿದ ಮೊತ್ತ 1 ಕೋಟಿ ಡಾಲರು. ಕಳವಾದ ಕಾರ್ಡೊಂದಕ್ಕೆ ಹಂಚಿದರೆ ಕಾಲು ಡಾಲರು! ಇಷ್ಟಾದರೂ ಅಲ್ಲಿನ ಮಾಲೀಕರು ಗುತ್ತಿಗೆದಾರನನ್ನು ಮುಂದೆ ತಳ್ಳಿ ಪೂರ್ತಿ ಪಾರಾಗಲಿಲ್ಲ. ಬ್ಯಾಂಕುಗಳಿಗೂ ರಾಜ್ಯ ಸರ್ಕಾರಗಳಿಗೂ ಹಣ ತೆರಬೇಕಾಯಿತು, ಕಂಪನಿಯ ಮುಖ್ಯಾಧಿಕಾರಿ 2014ರಲ್ಲಿ ಹುದ್ದೆ ಬಿಡಬೇಕಾಯಿತು. ಕೆಲಸವನ್ನು ಗುತ್ತಿಗೆಗೆ ಕೊಡಬಹುದು, ಹೊಣೆಯನ್ನು ಗುತ್ತಿಗೆಗೆ ಕೊಡಲಾಗದು.

ಇಲ್ಲಿ ಸಣ್ಣ ವರ್ತಕರ ಮಾತನ್ನೂ ಆಡಬೇಕು. ಎಲ್ಲಿಯಾದರೂ ಕಾರ್ಡಿನ ಮೋಸವಾದರೆ ಮೊದಲ ಅನುಮಾನ ಅಂಗಡಿಯವನ ಮೇಲೆ. ಗಿರಾಕಿಯ ಕಾರ್ಡನ್ನು ಮರೆಗೆ ಒಯ್ದು ಗುಟ್ಟಾಗಿ ಪ್ರತಿ ತೆಗೆಯುವ ಕೊಳಕು ಕೈಗಳು ಅಲ್ಲಲ್ಲಿ ಇವೆ, ಅಂಥವರಿಗೆ ಶಿಕ್ಷೆಯಾಗಲಿ. ಆದರೆ ಪ್ರಾಮಾಣಿಕ ಕಿರಾಣಿ ಅಂಗಡಿಯವನು ಮಾಡಬಹುದಾದದ್ದು ಇಷ್ಟೇ: ಕಾರ್ಡನ್ನು ಗಿರಾಕಿಯ ಕಣ್ಣೆದುರೇ ಉಜ್ಜುವುದು, ಪಿನ್ ಒತ್ತುವಾಗ ಮುಖ ತಿರುಗಿಸುವುದು, ಕಾರ್ಡಿನ ಸಂಖ್ಯೆಯನ್ನು ಎಲ್ಲಿಯೂ ಬರೆದಿಡದಿರುವುದು. ಯಂತ್ರದೊಳಗೆ ಏನಿದೆಯೆಂದು ಅವನು ಬಲ್ಲನೆ? ಕಂಪನಿ ಕೊಟ್ಟ ಯಂತ್ರ, ಕಂಪನಿ ಹಾಕಿದ ತಂತ್ರಾಂಶ. ಅವನು ಈ ಮೂರು ಎಚ್ಚರಗಳನ್ನು ಪಾಲಿಸಿದ್ದರೆ ಅವನ ಹೊಣೆ ಅಲ್ಲಿಗೆ ಮುಗಿಯಬೇಕು. ಗಿರಾಕಿ ಸಾಮಾನು ಒಯ್ದ ಮೇಲೆ, ತಿಂಗಳು ಕಳೆದು, "ಆ ಕಾರ್ಡು ಕಳ್ಳತನದ್ದು" ಎಂದು ಅವನ ಖಾತೆಯಿಂದ ಹಣ ಹಿಂದಕ್ಕೆ ಎಳೆದುಕೊಳ್ಳುವುದು ಅನ್ಯಾಯ.

ಪಿನ್ನನ್ನೋ ಓಟಿಪಿಯನ್ನೋ ಗ್ರಾಹಕನೇ ಫೋನಿನಲ್ಲಿ ಹೇಳಿಬಿಟ್ಟರೆ? ಇದೂ ಬ್ಯಾಂಕಿನ ತಪ್ಪೇ ಎಂದು ಕೇಳುವವರಿದ್ದಾರೆ. ಎರಡನ್ನೂ ಒಂದೇ ಎಂದು ನಾವು ಹೇಳುವುದಿಲ್ಲ. ತಾನೇ ಗುಟ್ಟು ಹೇಳಿದವನು ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವನ್ನು ಹೊರಬೇಕೆಂದು 2017ರ ಸುತ್ತೋಲೆ ವಿಧಿಸಿತು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಆದರೂ ಒಂದು ಮರುಪ್ರಶ್ನೆ ಉಳಿಯುತ್ತದೆ. ಫೋನು ಮಾಡಿದ ಕಳ್ಳನಿಗೆ ನಮ್ಮ ಹೆಸರು, ನಮ್ಮ ಬ್ಯಾಂಕು, ನಮ್ಮ ಕಾರ್ಡಿನ ಸಂಖ್ಯೆ ತಿಳಿದಿದ್ದರೆ ಅವನ್ನು ಅವನಿಗೆ ಹೇಳಿದವರು ಯಾರು? ಎಲ್ಲಿಯೋ ಸೋರಿದ ಮಾಹಿತಿಯೇ ಆ ಮೋಸದ ಬಂಡವಾಳವಾಗಿದ್ದರೆ, ಸೋರಗೊಟ್ಟವರನ್ನು ಬಿಟ್ಟು ಮೋಸಹೋದವನನ್ನು ಮಾತ್ರ ಹಿಡಿಯುವುದು ಅರ್ಧ ನ್ಯಾಯ.

ಸರ್ಕಾರದ ಕಾಯಿದೆಯಲ್ಲಿ ಆ ಅರ್ಧ ನ್ಯಾಯವೂ ಕಾಣುವುದಿಲ್ಲ. 2023ರಲ್ಲಿ ಸಂಸತ್ತು ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯಿದೆಯನ್ನು ಅಂಗೀಕರಿಸಿತು. ಸೋರಿಕೆಯಾದರೆ ಬಾಧಿತನಾದ ಪ್ರತಿಯೊಬ್ಬನಿಗೂ ತಿಳಿಸಬೇಕೆಂದು ಅದರಲ್ಲಿದೆ; ಇದು ಸ್ವಾಗತಾರ್ಹ. ಮಾಹಿತಿಯನ್ನು ಕಾಯದ ಸಂಸ್ಥೆಗೆ 250 ಕೋಟಿ ರೂಪಾಯಿಯವರೆಗೆ ದಂಡ ಹಾಕಬಹುದೆಂದೂ ಇದೆ, ಕೇಳಲು ಹಿತವಾಗಿದೆ. ಆದರೆ ಆ ದಂಡ ಯಾರಿಗೆ ಸೇರುತ್ತದೆ? ಭಾರತ ಸರ್ಕಾರದ ಸಂಚಿತ ನಿಧಿಗೆ. ಹಣ ಕಳೆದುಕೊಂಡವನಿಗೆ ಅದರಲ್ಲಿ ಬಿಡಿಗಾಸಿಲ್ಲ. ಅಷ್ಟೇ ಅಲ್ಲ, ಮಾಹಿತಿಯನ್ನು ಅಜಾಗರೂಕತೆಯಿಂದ ಇಟ್ಟ ಕಂಪನಿ ನಷ್ಟವಾದವನಿಗೆ ಪರಿಹಾರ ಕೊಡಬೇಕೆಂದು ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ಬಂದ 43-ಎ ಕಲಮನ್ನು ತೆಗೆದುಹಾಕಬೇಕೆಂದೂ ಈ ಹೊಸ ಕಾಯಿದೆ ಬರೆದಿದೆ. ಮನೆ ಕಳುವಾದವನಿಗೆ ಏನೂ ಕೊಡದೆ ದಂಡವನ್ನು ತನ್ನ ಚೀಲಕ್ಕೆ ಹಾಕಿಕೊಳ್ಳುವ ಶಾನುಭೋಗನ ಕಥೆ ಇದು.

ಎಲ್ಲ ನಷ್ಟವನ್ನೂ ಬ್ಯಾಂಕುಗಳ ಮೇಲೆ ಹೊರಿಸಿದರೆ ಜನ ಬೇಜವಾಬ್ದಾರರಾಗುತ್ತಾರೆ, ಬ್ಯಾಂಕುಗಳು ಶುಲ್ಕ ಏರಿಸುತ್ತವೆ ಎಂದು ಕೆಲವರು ಹೇಳುತ್ತಾರೆ. ಅನುಭವ ಹೇಳುವುದು ಬೇರೆಯನ್ನೇ. ಅಮೆರಿಕದಲ್ಲಿ ವರ್ಷಗಟ್ಟಲೆ ಹಳೆಯ ಕಾಂತಪಟ್ಟಿಯ ಕಾರ್ಡೇ ನಡೆಯುತ್ತಿತ್ತು. ಚಿಪ್ಪಿನ ಕಾರ್ಡಿಗೆ ಖರ್ಚು ಹೆಚ್ಚೆಂದು ಬ್ಯಾಂಕುಗಳೂ ವ್ಯಾಪಾರಿಗಳೂ ಮುಂದೂಡುತ್ತಿದ್ದರು. 2015ರ ಅಕ್ಟೋಬರ್ 1ರಿಂದ, ಬ್ಯಾಂಕಾಗಲಿ ಅಂಗಡಿಯಾಗಲಿ ಚಿಪ್ಪಿಗೆ ಬದಲಾಗದವರೇ ನಕಲಿ ಕಾರ್ಡಿನ ನಷ್ಟ ಹೊರಬೇಕೆಂಬ ನಿಯಮ ಬಂದಿತು. ಅದರ ಹಿಂದೆಯೇ ಚಿಪ್ಪಿನ ಯಂತ್ರಗಳೂ ಬಂದುವು, ನಕಲಿ ಕಾರ್ಡಿನ ಮೋಸವೂ ಇಳಿಯಿತು. ನಮ್ಮಲ್ಲಿಯೂ ರಿಸರ್ವ್ ಬ್ಯಾಂಕು 2018ರ ಡಿಸೆಂಬರ್ 31ರ ಗಡುವು ಹಾಕಿದ ಮೇಲೆಯೇ ಚಿಪ್ಪಿನ ಕಾರ್ಡುಗಳು ಎಲ್ಲರಿಗೂ ಬಂದುದು. 2022ರ ಅಕ್ಟೋಬರ್ 1ರಿಂದ ವ್ಯಾಪಾರ ಕಂಪನಿಗಳು ಗಿರಾಕಿಗಳ ಕಾರ್ಡಿನ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲವೆಂದು ವಿಧಿಸಿದ್ದೂ ಒಳ್ಳೆಯ ಹೆಜ್ಜೆ. ಇಲ್ಲದ ಗಂಟನ್ನು ಯಾರೂ ಕದಿಯಲಾರರು. ಬೀಗ ಬದಲಿಸುವ ಶಕ್ತಿಯಿರುವವನ ಜೇಬಿಗೆ ಬಿಸಿ ತಟ್ಟಿದಾಗ ಮಾತ್ರ ಬೀಗ ಬದಲಾಗುತ್ತದೆ. ನಷ್ಟವನ್ನೆಲ್ಲ ಕಾರ್ಮಿಕನ ಮೇಲೆ ಹಾಕಿದರೆ ಅವನು ಅಳಬಲ್ಲನೇ ಹೊರತು ಸ್ವಿಚ್ಚಿನ ತೂತನ್ನು ಮುಚ್ಚಬಲ್ಲನೆ?

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಒಂದು, ಖಾತೆದಾರನ ಅಪ್ಪಣೆಯಿಲ್ಲದೆ ಹೋದ ಹಣ ಮೊದಲು ಖಾತೆಗೆ ಬರಲಿ, ಯಾರ ತಪ್ಪೆಂಬ ವಿಚಾರಣೆ ಆಮೇಲೆ ನಡೆಯಲಿ. ಎರಡು, ಬ್ಯಾಂಕು ಆರಿಸಿದ ಗುತ್ತಿಗೆದಾರನ ತಪ್ಪನ್ನು ಬ್ಯಾಂಕಿನ ತಪ್ಪೆಂದೇ ಎಣಿಸಲಿ. ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವುದು ಬ್ಯಾಂಕಿಗೆ ಬಿಟ್ಟ ಕೆಲಸ. ಮೂರು, ಸೋರಿಕೆಯ ಶಂಕೆ ಬಂದ ಕೂಡಲೇ ಖಾತೆದಾರನಿಗೆ ಅವನ ಭಾಷೆಯಲ್ಲಿ ತಿಳಿಸಲಿ. ಅವನ ದಿನಗಳ ಲೆಕ್ಕ ಆ ಬಳಿಕವೇ ಆರಂಭವಾಗಲಿ. ನಾಲ್ಕು, ದಂಡದ ಹಣದಿಂದ ಮೊದಲು ನಷ್ಟವಾದವರಿಗೆ ಪರಿಹಾರ ಸಲ್ಲಲಿ. ಪರಿಹಾರ ಕೇಳುವ ಹಕ್ಕು ಕಾಯಿದೆಯಲ್ಲಿ ಉಳಿಯಲಿ. ಐದು, ನಿಯಮದಂತೆ ನಡೆದ ಸಣ್ಣ ವರ್ತಕನಿಂದ ಹಣವನ್ನು ಹಿಂದಕ್ಕೆ ಎಳೆಯುವುದು ನಿಲ್ಲಲಿ.

ಈ ಬೇಡಿಕೆಗಳು ಈಡೇರುವವರೆಗೆ ನಮ್ಮ ಬಂಧುಗಳು ಕೈಕಟ್ಟಿ ಕೂಡಬೇಕಾಗಿಲ್ಲ. ಹಣ ಹೋದದ್ದು ತಿಳಿದ ಗಳಿಗೆಯಲ್ಲೇ ಬ್ಯಾಂಕಿಗೆ ಹೇಳಿ ಕಾರ್ಡನ್ನು ತಡೆಹಿಡಿಸಿರಿ. 1930 ಸಂಖ್ಯೆಗೆ ಕರೆಮಾಡಿ ದೂರು ಬರೆಸಿರಿ. ಶಾಖೆಗೆ ಹೋಗಿ ಬರಹದಲ್ಲಿ ದೂರು ಕೊಟ್ಟು, ತಾರೀಖು ಹಾಕಿದ ಸ್ವೀಕೃತಿ ಕೇಳಿ ಪಡೆಯಿರಿ. ಬಾಯಿಮಾತಿನ ಭರವಸೆಗೆ ಮರಳಿ ಬರಬೇಡಿರಿ. ಫೋನಿನ ಸಂದೇಶವನ್ನು ಅಳಿಸಬೇಡಿರಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ. ಅದಕ್ಕೆ ಶುಲ್ಕವಿಲ್ಲ, ವಕೀಲನೂ ಬೇಕಿಲ್ಲ. ಬರೆಯಲು ಬಾರದವನಿಗೆ ಬರೆಯಬಲ್ಲ ನೆರೆಯವನು ಬರೆದುಕೊಡಲಿ. "ತಪ್ಪು ನನ್ನದೆಂದು ನೀವು ರುಜುವಾತುಪಡಿಸಿ" ಎಂದು ಬ್ಯಾಂಕಿನ ಮೇಜಿನೆದುರು ನಿಂತು ಕೇಳುವ ಧೈರ್ಯ ಒಬ್ಬನಿಗೆ ಬಂದರೆ, ಅವನ ಹಿಂದೆ ಸಾಲಿನಲ್ಲಿ ನಿಂತವನಿಗೂ ಬರುತ್ತದೆ. ಕೇಳುವವರು ಹೆಚ್ಚಿದ ದಿನ ಜಾರಿಕೊಳ್ಳುವವರ ದಾರಿ ಮುಚ್ಚುತ್ತದೆ.